ಸ್ಕ್ರೂ ಬಿಚ್ಚಿದರೆ ಕಾಣುವ ಲೆಕ್ಕಾಚಾರ

ಗೇಮ್ ಕನ್ಸೋಲ್ ರಿಪೇರಿ ನನ್ನ ಕಸುಬು. ಬೆಂಗಳೂರಿನ ಎಸ್.ಪಿ. ರಸ್ತೆಯ ಹತ್ತಿರ ಒಂದು ಮೇಜು, ಒಂದು ಸೋಲ್ಡರಿಂಗ್ ಐರನ್, ಹಿಂದೆ ಬಿಡಿಭಾಗಗಳ ಡಬ್ಬಿಗಳು. ಯಾವ ಕಂಪನಿಗೆ ಯಾವುದು ಮುಖ್ಯ ಅನ್ನುವುದು ಜಾಹೀರಾತಿನಲ್ಲಿ ತಿಳಿಯುವುದಿಲ್ಲ. ಮುಚ್ಚಳ ತೆಗೆದು ಬೋರ್ಡು ನೋಡಿದರೆ ತಿಳಿಯುತ್ತದೆ.

2006ರ ಕೊನೆಯಲ್ಲಿ ಬಂದ ಪ್ಲೇಸ್ಟೇಷನ್ 3ರ ಮೊದಲ ಮಾದರಿಯನ್ನೇ ನೋಡಿ. ತೂಕ ಸುಮಾರು 5 ಕಿಲೋ. ಒಳಗೆ ಐಬಿಎಂ, ತೋಷಿಬಾ ಜೊತೆ ಸೇರಿ ಸೋನಿ ರೂಪಿಸಿದ ಸೆಲ್ ಪ್ರೊಸೆಸರ್. ಹಳೆಯ ಪಿಎಸ್2 ಆಟಗಳೂ ಓಡಲಿ ಎಂದು ಆ ಯಂತ್ರದ ಚಿಪ್ಪನ್ನೂ ಅದೇ ಬೋರ್ಡಿನ ಮೇಲೆ ಕೂರಿಸಿದ್ದರು. ಜೊತೆಗೆ ಆ ಕಾಲಕ್ಕೆ ಬಲು ದುಬಾರಿಯಾಗಿದ್ದ ಬ್ಲೂ-ರೇ ಡ್ರೈವ್. ಅಮೆರಿಕದಲ್ಲಿ 20 ಜಿಬಿ ಮಾದರಿಯ ಬೆಲೆ 499 ಡಾಲರ್. ಐಸಪ್ಲೈ ಎಂಬ ಸಂಸ್ಥೆ ಅದನ್ನು ಬಿಚ್ಚಿ ಲೆಕ್ಕ ಹಾಕಿದರೆ ತಯಾರಿಕೆಯ ಖರ್ಚೇ 800 ಡಾಲರ್ ದಾಟಿತ್ತು!

ಇಷ್ಟು ನಷ್ಟವನ್ನು ಯಾರಾದರೂ ಬೇಕೆಂದೇ ಹೊರುತ್ತಾರೆಯೆ? ಸೋನಿ ಹೊತ್ತಿತು. ಯಂತ್ರದಲ್ಲಿ ಕಳೆದದ್ದನ್ನು ಮಾರಾಟವಾಗುವ ಪ್ರತಿ ಆಟದ ಪಾಲಿನಲ್ಲಿ ಹಿಂಪಡೆಯುವುದು ಈ ವ್ಯಾಪಾರದ ಹಳೆಯ ರೂಢಿ. ಆದರೆ ಸೋನಿಗೆ ಇನ್ನೊಂದು ಹಟವೂ ಇತ್ತು: ಮುಂದಿನ ಸಿನಿಮಾ ಡಿಸ್ಕ್ ತನ್ನ ಬ್ಲೂ-ರೇ ಆಗಬೇಕು. 2008ರ ಫೆಬ್ರುವರಿಯಲ್ಲಿ ತೋಷಿಬಾ ಬ್ಲೂ-ರೇಗೆ ಎದುರಾಳಿಯಾಗಿದ್ದ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಸೋನಿ ಗೆದ್ದಿತು. ಆದರೆ ಪಿಎಸ್2 ತಂದುಕೊಟ್ಟಿದ್ದ ಯಜಮಾನಿಕೆ ಆ ಹೊತ್ತಿಗೆ ಕೈಜಾರಿತ್ತು.

ಕಿತ್ತುಕೊಂಡದ್ದು ನಿಂಟೆಂಡೊದ ವೀ. ಪಿಎಸ್3 ಬಂದ ತಿಂಗಳಲ್ಲೇ ಅಮೆರಿಕದಲ್ಲಿ 250 ಡಾಲರಿಗೆ ಅದು ಸಿಕ್ಕಿತು. ಬಿಚ್ಚಿದರೆ ಪುಟ್ಟ ಬೋರ್ಡು. ಪ್ರೊಸೆಸರ್ ಹಿಂದಿನ ಗೇಮ್‌ಕ್ಯೂಬ್‌ನದ್ದೇ ವಂಶ. ಹೊಸತನವೆಲ್ಲ ಕೈಯಲ್ಲಿ ಬೀಸುವ ರಿಮೋಟಿನಲ್ಲಿತ್ತು. 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಯಾರೂ ಯೋಚಿಸದ ರೀತಿಯಲ್ಲಿ ಬಳಸುವ ಈ ದಾರಿ ಗೇಮ್ ಬಾಯ್ ರೂಪಿಸಿದ ಗುನ್‌ಪೆಯ್ ಯೊಕೊಯ್ ಅವರದ್ದು. 1989ರ ಆ ಗೇಮ್ ಬಾಯ್‌ಗೆ ಬಣ್ಣದ ಪರದೆಯೇ ಇರಲಿಲ್ಲ. ಬಣ್ಣ ತೋರಿಸುತ್ತಿದ್ದ ಸೆಗಾದ ಗೇಮ್ ಗಿಯರ್ 6 ಸೆಲ್ಲುಗಳನ್ನು ಬೇಗನೆ ಕುಡಿದು ಮುಗಿಸುತ್ತಿತ್ತು. ಗೇಮ್ ಬಾಯ್‌ಗೆ ನಾಲ್ಕೇ ಸಾಕು, ಅದೂ ಬಹಳ ಹೊತ್ತು. ಗೆದ್ದದ್ದು ಕಪ್ಪು-ಬಿಳುಪೇ. ನಿಂಟೆಂಡೊ ಎಡವಲಿಲ್ಲ ಎಂದಲ್ಲ. ವೀ ನಂತರ ಬಂದ ವೀ ಯು ಒಟ್ಟು 1.36 ಕೋಟಿಯಷ್ಟೇ ಮಾರಾಟವಾಯಿತು; ಅದು ಸೋಲುತ್ತಿದ್ದಾಗ, 2014ರಲ್ಲಿ ಅಧ್ಯಕ್ಷ ಸತೋರು ಇವಾಟಾ ಕೆಲವು ತಿಂಗಳು ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡರು. ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ.

ಮೈಕ್ರೋಸಾಫ್ಟ್ ಕತೆ ಬೇರೆ. 2001ರ ಎಕ್ಸ್‌ಬಾಕ್ಸ್ ಒಳಗಿದ್ದದ್ದು ಇಂಟೆಲ್ ಪ್ರೊಸೆಸರ್, ಹಾರ್ಡ್ ಡಿಸ್ಕ್, ಅಪ್ಪಟ ಪಿಸಿ. ಟಿವಿ ಇರುವ ಕೋಣೆಯನ್ನು ಸೋನಿ ಆಕ್ರಮಿಸಿಬಿಟ್ಟೀತು ಎಂಬ ಭಯದಿಂದ ಹುಟ್ಟಿದ ಯಂತ್ರವದು. ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಎಂದೂ ಲಾಭ ಬಂದಿಲ್ಲ ಎಂದು ಅದರ ಅಧಿಕಾರಿಯೇ 2021ರಲ್ಲಿ ಕೋರ್ಟಿನಲ್ಲಿ ಹೇಳಿದರು.

ಈಗ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟರೆ ಎಎಂಡಿಯ ಒಂದೇ ಪೀಳಿಗೆಯ ಚಿಪ್ಪು. ಒಳಗಿನ ವ್ಯತ್ಯಾಸ ಕರಗಿದ ಮೇಲೆ ಜಗಳ ಆಟಗಳ ಒಡೆತನಕ್ಕೆ, ತಿಂಗಳ ಚಂದಾಕ್ಕೆ ಸರಿಯಿತು. ಮೈಕ್ರೋಸಾಫ್ಟ್ 2017ರಲ್ಲಿ ಗೇಮ್ ಪಾಸ್ ತಂದಿತು, 2023ರಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನೇ ಕೊಂಡಿತು; ಒಪ್ಪಂದ ಘೋಷಿಸಿದಾಗ ಹೇಳಿದ ಮೊತ್ತ 6,870 ಕೋಟಿ ಡಾಲರ್. 2025ರಲ್ಲಿ ತನ್ನ ಫೋರ್ಜಾ ಹೊರೈಜನ್ 5 ಆಟವನ್ನು ಎದುರಾಳಿಯ ಪಿಎಸ್5ಕ್ಕೂ ಕೊಟ್ಟಿತು. ಪೆಟ್ಟಿಗೆ ಯಾರದಾದರೇನು, ಆಟ ನಮ್ಮದಾಗಿರಲಿ ಎನ್ನುವ ಲೆಕ್ಕ ಅದು.

ನನಗೆ ಸಂಕಟ ಕೊಡುವುದು ಡಿಸ್ಕ್ ಡ್ರೈವಿನ ಸಂಗತಿ. 2024ರ ಪಿಎಸ್5 ಪ್ರೊ ಒಳಗೆ ಅದಿಲ್ಲ. ಬೇಕಾದರೆ ಬೇರೆಯಾಗಿ ಕೊಳ್ಳಬೇಕು. ನಿಂಟೆಂಡೊದ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡುವ ಅನುಮತಿ ಮಾತ್ರ. ಡಿಸ್ಕ್ ಹೋದರೆ ಆಟ ಸಿಗುವುದು ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ, ಅದು ಹೇಳಿದ ಬೆಲೆಗೆ. ನಮ್ಮಲ್ಲಿ ದೊಡ್ಡ ಹೊಸ ಆಟಕ್ಕೆ ಸುಮಾರು 5,000 ರೂಪಾಯಿ. ನಾಲ್ಕು ಹುಡುಗರು ದುಡ್ಡು ಕೂಡಿಸಿ ಒಂದು ಡಿಸ್ಕ್ ತಂದು, ಸರದಿಯಲ್ಲಿ ಆಡಿ, ಮಾರಿ ಇನ್ನೊಂದು ಕೊಳ್ಳುವುದನ್ನು ನಾನು ದಿನವೂ ನೋಡುತ್ತೇನೆ.

"ಡಿಸ್ಕ್ ಇಲ್ಲದ್ದು ಸ್ವಲ್ಪ ಕಮ್ಮಿಗೆ ಸಿಗುತ್ತಲ್ವಾ?" ಎಂದು ಮಗನನ್ನು ಕರೆತಂದ ಅಪ್ಪಂದಿರು ಕೇಳುತ್ತಾರೆ.

"ಉಳಿದ ದುಡ್ಡು ಎರಡು ಆಟಕ್ಕೇ ಹೋಗುತ್ತೆ ಸರ್. ಡಿಸ್ಕ್ ಇರೋದೇ ತಗೊಳ್ಳಿ."