ಹಲಗಲಿಯ ಲಾವಣಿಯೂ ಇಂದಿನ ಯುದ್ಧವಾರ್ತೆಯೂ

ಹಲಗಲಿಯ ಬೇಡರ ಲಾವಣಿಯನ್ನು ಅರಿಯದ ಕನ್ನಡಿಗನು ವಿರಳ. ೧೮೫೭ರಲ್ಲಿ ಕುಂಪಣಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ದಂಡು ಬಂದು ಊರನ್ನು ಸುಟ್ಟಿತು. ಸರಕಾರದ ಕಣ್ಣಿಗೆ ಅದೊಂದು ದಂಗೆ, ಅಡಗಿಸಿದರು, ಮುಗಿಯಿತು. ಲಾವಣಿಕಾರನು ಹಾಗೆ ಮುಗಿಸಲಿಲ್ಲ. ಹುಕುಮು ಎಲ್ಲಿಂದ ಬಂದಿತೆಂಬುದನ್ನು ಹೇಳಿದನು. ಹನುಮ, ಬಾಲ, ಜಡಗ, ರಾಮ ಎಂದು ಕಾದಿದವರನ್ನು ಹೆಸರಿಸಿದನು. ಲೂಟಿಯಾದ ವಸ್ತುಗಳನ್ನು ಒಂದೊಂದಾಗಿ ಎಣಿಸಿದನು: ಉಪ್ಪು, ಎಣ್ಣೆ, ಜೀರಿಗೆ, ಬೀಸುವ ಕಲ್ಲು, ಮಂಗಳಸೂತ್ರ. ಜೀರಿಗೆಯನ್ನು ಲೆಕ್ಕಕ್ಕೆ ಹಿಡಿದ ಸೇನಾಪತಿಯ ವರದಿಯನ್ನು ನಾವಂತೂ ಕಂಡಿಲ್ಲ! ಈ ಹಾಡನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು ಆಂಗ್ಲರ ಅಧಿಕಾರಿಯೇ ಆದ ಫ್ಲೀಟರೆಂಬುದು ಸೋಜಿಗದ ಸಂಗತಿ.

ಅಂದು ಅಚ್ಚಿನ ಮೊಳೆಯು ಪರರ ಕೈಯಲ್ಲಿತ್ತು. ಇಂದು ಅದು ನಮ್ಮವರ ಕೈಯಲ್ಲಿದೆ, ಅದರಿಂದ ನಡೆಯುತ್ತಿರುವುದೇನು? ೨೦೨೫ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಕಾಳಗವಾದಾಗ, ಕರಾಚಿ ಬಂದರು ನಾಶವಾಯಿತೆಂದು ಕೆಲವು ದೂರದರ್ಶನ ವಾಹಿನಿಗಳು ಸಾರಿದವು. ಬಂದರು ಇದ್ದಂತೆಯೇ ಇತ್ತು. ನಮ್ಮ ಸೈನಿಕನು ನಿಜವಾಗಿ ಸಾಧಿಸಿದುದನ್ನೂ ಲೋಕವು ನಂಬದಂತೆ ಮಾಡುವುದು ಯಾವ ಬಗೆಯ ದೇಶಭಕ್ತಿ?

ಸುಳ್ಳಿಲ್ಲದ ವಾರ್ತೆಯಲ್ಲಿಯೂ ಕೊರತೆಯುಂಟು. ೨೦೧೬ರ ಫೆಬ್ರುವರಿ ೩ರಂದು ಸಿಯಾಚಿನ್ನಿನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದರು ಆರನೆಯ ದಿನ ಜೀವಂತ ಸಿಕ್ಕರು. ೧೧ರಂದು ದಿಲ್ಲಿಯಲ್ಲಿ ತೀರಿಕೊಂಡರು. ದೇಶಕ್ಕೆ ದೇಶವೇ ಅವರಿಗಾಗಿ ಪ್ರಾರ್ಥಿಸಿತು. ಅದು ಉಚಿತವೇ ಆಗಿದ್ದಿತು. ಆದರೆ ಉಳಿದ ಒಂಬತ್ತು ಮಂದಿಯ ಹೆಸರುಗಳನ್ನು ಹುಬ್ಬಳ್ಳಿಯ ಪೇಟೆಯಲ್ಲಿ ಹೇಳಬಲ್ಲವರೆಷ್ಟು? ಅವರೊಳಗೆ ಹಾಸನ, ಮೈಸೂರು ಜಿಲ್ಲೆಗಳ ಕನ್ನಡಿಗರೂ ಇದ್ದರು. ೧೯೮೪ರಿಂದ ಆ ಹಿಮನದಿಯ ಮೇಲೆ ವೈರಿಯ ಗುಂಡಿಗಿಂತ ಹಿಮವೂ ಚಳಿಯೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿವೆ. ಪವಾಡದ ಸಡಗರದಲ್ಲಿ ಈ ಮಾತನ್ನು ಆಲಿಸಿದವರು ಕಡಿಮೆ.

ಸೇನೆಯು ಗುಟ್ಟಾಗಿಡಬೇಕೆಂದುದನ್ನು ಪತ್ರಿಕೆಯು ಗುಟ್ಟಾಗಿಯೇ ಇಡತಕ್ಕದ್ದು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಮಡಿದವನ ಹೆಸರೂ ಊರೂ ಗುಟ್ಟಿನ ಸಂಗತಿಗಳಲ್ಲ. ವರುಷ ಕಳೆದ ಮೇಲೆ ಅವನ ಮನೆಯ ಒಲೆ ಹೇಗೆ ಉರಿಯುತ್ತಿದೆಯೆಂಬುದೂ ಗುಟ್ಟಲ್ಲ. ಈ ಜಿಲ್ಲೆಯ ಮಟ್ಟಿಗಾದರೂ ಅವನ್ನು ಅಚ್ಚಿಸುವ ಕೆಲಸವನ್ನು ನಮ್ಮ ಪತ್ರಿಕೆಯು ಕೈಗೊಳ್ಳಲಿದೆ. ತಿಳಿದ ವಾಚಕರು ಬರೆದು ಕಳುಹಿಸಬೇಕು.