ಹಳೆಯ ಜೀಪಿನ ಕಾರ್ಬುರೇಟರ್ ಉಕ್ಕಿದರೆ ಮೊದಲು ಪಂಪಿನ ಒತ್ತಡ ನೋಡಿ

ಮಲೆನಾಡಿನ ತೋಟಗಳಿಗೆ ಜೀಪು ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ ಮೇಲೆ, ರಸ್ತೆಯೇ ಇಲ್ಲದ ಕಡೆಗೂ ಗೊಬ್ಬರ, ಅಡಿಕೆ ಗೊನೆ, ಕಾಫಿ ಮೂಟೆ ಹೊತ್ತು ಹೋದದ್ದು ಈ ವಾಹನವೇ. ಮುಂದೆ ಹೆಚ್ಚಿನವಕ್ಕೆ ಡೀಸೆಲ್ ಎಂಜಿನ್ ಬಂದಿತು. ಆದರೂ ನಾಲ್ಕು ಸಿಲಿಂಡರಿನ, 2.2 ಲೀಟರಿನ ಹಳೆಯ ಪೆಟ್ರೋಲ್ ಎಂಜಿನ್ನನ್ನು ಜೋಪಾನ ಮಾಡಿ ಓಡಿಸುತ್ತಿರುವ ಮನೆಗಳು ಇನ್ನೂ ಇವೆ.

ಇಂತಹ ಜೀಪುಗಳಿಗೆ ಅನೇಕರು ಎಂಜಿನ್ನಿಗೆ ಅಂಟಿಕೊಂಡ ಹಳೆಯ ಪೆಟ್ರೋಲ್ ಪಂಪನ್ನು ತೆಗೆಸಿ ವಿದ್ಯುತ್ ಪಂಪು ಹಾಕಿಸುತ್ತಾರೆ. ಕಾರಣವೂ ಸರಿಯಾದದ್ದೇ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಎಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ವಾರಗಟ್ಟಲೆ ಷೆಡ್ಡಿನಲ್ಲಿ ನಿಂತ ಗಾಡಿಗೆ ಬ್ಯಾಟರಿ ಬರಿದಾಗುವವರೆಗೆ ಸ್ಟಾರ್ಟರ್ ಹೊಡೆಯಬೇಕಾಗುತ್ತದೆ. ವಿದ್ಯುತ್ ಪಂಪು ಈ ಎರಡು ತೊಂದರೆಗಳನ್ನೂ ತಗ್ಗಿಸುತ್ತದೆ. ಆದರೆ ಅದರ ಹಿಂದೆಯೇ ಮತ್ತೊಂದು ದೂರು ಬರುತ್ತದೆ: ಕಾರ್ಬುರೇಟರ್ ಉಕ್ಕುವುದು. ಪೆಟ್ರೋಲು ವಾಸನೆ, ಕಪ್ಪು ಹೊಗೆ, ಕಾಡಿಗೆ ಹಿಡಿದ ಪ್ಲಗ್ಗು, ಬಿಸಿ ಎಂಜಿನ್ ಮತ್ತೆ ಹೊತ್ತದಿರುವುದು ಇದರ ಲಕ್ಷಣಗಳು. ಆಗ ಎಲ್ಲರೂ ಕಾರ್ಬುರೇಟರನ್ನೇ ಬಿಚ್ಚುತ್ತಾರೆ. ಕಿಟ್ಟು ಬದಲಾಯಿಸಿದರೂ ಉಕ್ಕುವುದು ನಿಲ್ಲುವುದಿಲ್ಲ. ಏಕೆಂದರೆ ಎಷ್ಟೋ ವೇಳೆ ತಪ್ಪು ಕಾರ್ಬುರೇಟರಿನದಾಗಿರುವುದಿಲ್ಲ, ಹೊಸ ಪಂಪಿನ ಒತ್ತಡದ್ದಾಗಿರುತ್ತದೆ.

ಒತ್ತಡದ ಲೆಕ್ಕ

ತೋಟದ ನೀರಿನ ತೊಟ್ಟಿಗೆ ಚೆಂಡಿನ ನಲ್ಲಿ ಹಾಕಿದವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ಮೇಲಿರುವ ತೊಟ್ಟಿಯಿಂದ ನೀರು ಬಂದರೆ ಚೆಂಡು ಮೇಲೆದ್ದು ನಲ್ಲಿಯನ್ನು ಬಂದುಮಾಡುತ್ತದೆ. ಅದೇ ನಲ್ಲಿಗೆ ಸ್ಪ್ರಿಂಕ್ಲರ್ ಪಂಪಿನ ಕೊಳವೆಯನ್ನು ನೇರವಾಗಿ ಜೋಡಿಸಿದರೆ, ಚೆಂಡು ಪೂರ್ತಿ ಮುಳುಗಿದರೂ ನೀರು ನಿಲ್ಲದು. ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಫ್ಲೋಟು ಮತ್ತು ಸೂಜಿ ಕವಾಟ ಇದೇ ಏರ್ಪಾಡಿನ ಚಿಕ್ಕ ರೂಪ.

ಜೀಪಿನ ಮೂಲ ಪಂಪು ಕೊಡುವ ಒತ್ತಡ ಚದರ ಅಂಗುಲಕ್ಕೆ ಸುಮಾರು 2½ರಿಂದ 3¾ ಪೌಂಡು ಮಾತ್ರ. 3 ಪೌಂಡೆಂದರೆ ಸುಮಾರು 7 ಅಡಿ ಎತ್ತರದ ನೀರಿನ ಒತ್ತಡ. ಸೂಜಿ ಕೂರುವ ರಂಧ್ರ 2 ಮಿಲಿಮೀಟರ್ ಅಗಲದ್ದೆಂದು ಇಟ್ಟುಕೊಂಡರೆ, 3 ಪೌಂಡು ಒತ್ತಡದಲ್ಲಿ ಪೆಟ್ರೋಲು ಸೂಜಿಯನ್ನು ತಳ್ಳುವ ಬಲ 6ರಿಂದ 7 ಗ್ರಾಂ ತೂಕದಷ್ಟು. ಒತ್ತಡ 7 ಪೌಂಡಾದರೆ ಅದು 15 ಗ್ರಾಂ ಆಗುತ್ತದೆ. ಇಂಧನವನ್ನು ಚಿಮ್ಮಿಸುವ ಹೊಸ ಕಾರುಗಳ ಪಂಪು 40 ಪೌಂಡಿನಷ್ಟು ಕೊಡುತ್ತದೆ. ಅದನ್ನು ತಂದು ಜೋಡಿಸಿದರೆ ಸೂಜಿಯ ಮೇಲಿನ ಬಲ 85 ಗ್ರಾಂ ದಾಟುತ್ತದೆ. 40 ಪೌಂಡೆಂದರೆ ಹೆಚ್ಚುಕಡಮೆ ನಮ್ಮ ಸ್ಪ್ರಿಂಕ್ಲರ್ ಲೈನಿನ ಒತ್ತಡವೇ. ಟೊಳ್ಳು ಹಿತ್ತಾಳೆಯ ಒಂದು ಪುಟ್ಟ ಬುರುಡೆ ಅದನ್ನು ತಡೆಯಲಾರದು.

ಕೈಹಾಕುವ ಮೊದಲು

ಈ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಸೀಟಿನ ಅಡಿಯಲ್ಲಿ. ಉಕ್ಕಿದ ಪೆಟ್ರೋಲು ಕಾದ ಮ್ಯಾನಿಫೋಲ್ಡಿನ ಮೇಲೆ ಬೀಳಬಹುದು. ಆದಕಾರಣ ಉಕ್ಕುವ ಗಾಡಿಯನ್ನು "ಈ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಎಂದು ಓಡಿಸುವುದು ಜೀವಕ್ಕೇ ಅಪಾಯ. ಕೂಲಿಯವರನ್ನು ಕೂರಿಸಿಕೊಂಡಂತೂ ಓಡಿಸಲೇಬಾರದು.

ಕೆಲಸವನ್ನು ಬಯಲಿನಲ್ಲಿ, ಎಂಜಿನ್ ತಣಿದ ಮೇಲೆ ಮಾಡಬೇಕು. ಕೊಳವೆ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಬೇಕು. ಬೀಡಿ, ದೀಪ ಹತ್ತಿರ ಸುಳಿಯಕೂಡದು. ಪೆಟ್ರೋಲಿನ ಬೆಂಕಿ ನೀರಿಗೆ ಆರುವುದಿಲ್ಲ. ಒಣ ಪುಡಿಯ ಆರಿಸುವ ಸಿಲಿಂಡರ್, ಜೊತೆಗೆ ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಮೊದಲು ಆಯಿಲ್ ಕಡ್ಡಿಯನ್ನು ಎಳೆದು ನೋಡಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲು ವಾಸನೆ ಬಂದರೆ ಎಂಜಿನ್ ಹೊತ್ತಿಸಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಅದನ್ನು ಸುರಿದು ಹೊಸದು ಹಾಕಿಯೇ ಮುಂದುವರಿಯಬೇಕು. ಹಳೆಯ ಪಂಪು ಇನ್ನೂ ಎಂಜಿನ್ನಿನಲ್ಲೇ ಕೆಲಸಮಾಡುತ್ತಿದ್ದರೆ, ಅದರ ಡಯಾಫ್ರಮ್ ಹರಿದರೂ ಪೆಟ್ರೋಲು ಆಯಿಲ್ಲಿಗೆ ಇಳಿಯುತ್ತದೆ ಎಂಬುದು ನೆನಪಿರಲಿ.

ಅಳೆಯುವ ಕ್ರಮ

ಬೇಕಾದದ್ದು 0ಯಿಂದ 15 ಪೌಂಡಿನವರೆಗೆ ತೋರಿಸುವ ಮೀಟರು ಮತ್ತು ಒಂದು ಟಿ ಜೋಡಣೆ. ಟೈರಿನ ಮೀಟರಾಗಲಿ ಸಿಂಪರಣೆ ಪಂಪಿನ ಮೀಟರಾಗಲಿ ಇಷ್ಟು ಕಡಮೆ ಒತ್ತಡವನ್ನು ಸರಿಯಾಗಿ ತೋರಿಸವು. ಮೀಟರನ್ನು ಕಾರ್ಬುರೇಟರಿಗೆ ಹತ್ತಿರವೇ ಜೋಡಿಸಿ, ಕ್ಲಿಪ್ಪುಗಳನ್ನು ಬಿಗಿಮಾಡಿ, ಬ್ಯಾಟರಿ ತಂತಿಯನ್ನು ಮತ್ತೆ ಕೂಡಿಸಿ ಮೂರು ಸಲ ಓದಬೇಕು: ಎಂಜಿನ್ ಹೊತ್ತಿಸದೆ ವಿದ್ಯುತ್ ಪಂಪು ಮಾತ್ರ ಓಡುವಾಗ, ಎಂಜಿನ್ ನಿಧಾನವಾಗಿ ನಡೆಯುವಾಗ, ವೇಗ ಏರಿಸಿದಾಗ. ಮೊದಲನೆಯ ಸಲವೇ ಪೆಟ್ರೋಲು ಹೊರಚೆಲ್ಲಿದರೆ ಅಲ್ಲಿಗೇ ನಿಲ್ಲಿಸಿ.

ಒತ್ತಡ ಸರಿಯಿದ್ದೂ ಉಕ್ಕಿದರೆ

ಮೀಟರು 4 ಪೌಂಡಿನೊಳಗಿದ್ದೂ ಬಟ್ಟಲು ಉಕ್ಕಿದರೆ ಆಗ ಕಾರ್ಬುರೇಟರನ್ನು ಬಿಚ್ಚಿ. ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆತ ಕಂಡರೆ ಸೂಜಿ, ಸೀಟು ಎರಡನ್ನೂ ಒಟ್ಟಿಗೆ ಬದಲಾಯಿಸಿ. ಸೀಟಿನ ಕೆಳಗಿನ ವಾಷರ್ ಬಿಟ್ಟುಹೋಗಿದ್ದರೂ ಪೆಟ್ರೋಲು ಪಕ್ಕದಿಂದ ನುಸುಳುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕಿದರೆ ತೂತಾಗಿದೆ. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳು ತೂತಿನ ಜಾಗವನ್ನು ತೋರಿಸುತ್ತವೆ. ಒಳಗೆ ಪೆಟ್ರೋಲಿರುವ ಫ್ಲೋಟಿಗೆ ಬೆಸುಗೆ ಹಾಕಹೋಗುವುದು ಸಿಡಿತಕ್ಕೆ ಕರೆಕೊಟ್ಟಂತೆ. ಕಡಿದಾದ ಏರಿನಲ್ಲಿ ಮಾತ್ರ ತುಸು ಉಕ್ಕಿ, ಸಮನೆಲದಲ್ಲಿ ಸರಿಹೋದರೆ ಅದು ಫ್ಲೋಟಿನ ಮಟ್ಟದ ಪ್ರಶ್ನೆ. ತಯಾರಕರು ಹೇಳಿದ ಅಳತೆಗೆ ಹೊಂದಿಸಿ.

ಇಂದಿನ ಪೆಟ್ರೋಲಿನ ಗುಣವನ್ನೂ ಗಮನಿಸಬೇಕು. 2022ರಲ್ಲಿ ಶೇಕಡ 10 ಮುಟ್ಟಿದ ಎಥನಾಲ್ ಮಿಶ್ರಣ 2025ರಲ್ಲಿ ಶೇಕಡ 20ಕ್ಕೆ ಏರಿತು. ಎಥನಾಲು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನ ಹಳೆಯ ಅಂಟನ್ನು ಕಿತ್ತು ತರುತ್ತದೆ, ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಹೀಗೆ ಬಂದ ಕಸದ ಒಂದು ಕಣ ಸೂಜಿಗೆ ಸಿಕ್ಕಿದರೂ ಸಾಕು, ಬಟ್ಟಲು ಉಕ್ಕುತ್ತದೆ. ಎಥನಾಲ್ ತಡೆಯುವ ಹೋಸ್, ಪಂಪಿನ ಮುಂಚೆ ಒಂದು ಫಿಲ್ಟರ್ ಇವು ದುಂದುವೆಚ್ಚವಲ್ಲ.

ಒತ್ತಡ ಹೆಚ್ಚಿದ್ದರೆ

ಮೀಟರು 5 ಪೌಂಡು ದಾಟಿದರೆ ಕಾರ್ಬುರೇಟರಿಗೆ ಕೈಹಚ್ಚುವುದು ವ್ಯರ್ಥ. ಫ್ಲೋಟಿನ ನಾಲಗೆಯನ್ನು ಬಗ್ಗಿಸಿ ಮಟ್ಟ ತಗ್ಗಿಸುವುದೂ ಪರಿಹಾರವಲ್ಲ. ಕಾರ್ಬುರೇಟರಿಗೆಂದೇ ಮಾಡಿದ, 2ರಿಂದ 4 ಪೌಂಡು ಕೊಡುವ ವಿದ್ಯುತ್ ಪಂಪನ್ನೇ ಹಾಕಿಸುವುದು ಮೇಲು. 6-7 ಪೌಂಡಿನ ಪಂಪು ಈಗಾಗಲೇ ಇದ್ದರೆ ಪಂಪಿಗೂ ಕಾರ್ಬುರೇಟರಿಗೂ ನಡುವೆ ರೆಗ್ಯುಲೇಟರ್ ಇಟ್ಟು, ಅದರ ಆಚೆಯ ಒತ್ತಡವನ್ನು 3 ಪೌಂಡಿಗೆ ಹೊಂದಿಸಬಹುದು. 40 ಪೌಂಡಿನ ಪಂಪಿಗೆ ಸಾಧಾರಣ ರೆಗ್ಯುಲೇಟರ್ ಸಾಲದು. ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳುವ ಪೈಪು ಬೇಕೇಬೇಕು. ಅಷ್ಟು ಖರ್ಚು ಮಾಡುವ ಬದಲು ಆ ಪಂಪನ್ನೇ ತೆಗೆಸಿಬಿಡುವುದು ಲೇಸು.

ಓಡುವಾಗ ಒತ್ತಡ ಸರಿಯಿದ್ದು, ನಿಲ್ಲಿಸಿದ ಮೇಲೆ ಏರುತ್ತಾ ಹೋಗುವುದೂ ಉಂಟು. ಕೊಳವೆಯಲ್ಲಿ ಸಿಕ್ಕಿಕೊಂಡ ಪೆಟ್ರೋಲು ಎಂಜಿನ್ನಿನ ಕಾವಿಗೆ ಹಿಗ್ಗಿ ಸೂಜಿಯನ್ನು ದಾಟುತ್ತದೆ. ಕೊಳವೆಯನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸುವುದು, ಕಿರಿದಾದ ರಂಧ್ರದ ಮರಳು ಪೈಪು ಕೊಡುವುದು ಇದಕ್ಕೆ ಮದ್ದು.

ಪಂಪು ತಾನಾಗಿ ನಿಲ್ಲಲಿ

ಹಳೆಯ ಪಂಪಿಗೆ ಒಂದು ದೊಡ್ಡ ಗುಣವಿತ್ತು: ಎಂಜಿನ್ ನಿಂತರೆ ಅದೂ ನಿಲ್ಲುತ್ತಿತ್ತು. ವಿದ್ಯುತ್ ಪಂಪು ಹಾಗಲ್ಲ. ಜೀಪು ಚರಂಡಿಗೆ ಮಗುಚಿದರೂ, ಕೊಳವೆ ಹರಿದರೂ, ಕೀಲಿ ತಿರುಗಿಸಿಟ್ಟಿರುವಷ್ಟು ಕಾಲ ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಪಂಪಿನ ವಿದ್ಯುತ್ತನ್ನು ಫ್ಯೂಸಿನ ಮೂಲಕವೂ, ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕವೂ ಹಾಯಿಸಬೇಕು. ಎಂಜಿನ್ ನಿಂತು ಆಯಿಲ್ ಒತ್ತಡ ಇಳಿದೊಡನೆ ಪಂಪಿಗೆ ವಿದ್ಯುತ್ ತಪ್ಪುತ್ತದೆ. ಹೊತ್ತಿಸುವಾಗ ಮಾತ್ರ ಸ್ಟಾರ್ಟರಿನ ತಂತಿಯಿಂದ ಅದಕ್ಕೆ ವಿದ್ಯುತ್ ಸಿಗುವಂತೆ ಮಾಡಿಸಬಹುದು. ಈ ಕೆಲಸ ತಿಳಿದ ಆಟೋ ಎಲೆಕ್ಟ್ರಿಷಿಯನ್ನರಿಗೆ ಇದು ಅರ್ಧ ದಿನದ ಕೆಲಸ.

ಬೆಳೆಗಾರ ಮಿತ್ರರು ವಿದ್ಯುತ್ ಪಂಪು ಹಾಕಿಸಬಾರದೆಂದು ನಾವು ಹೇಳುತ್ತಿಲ್ಲ. ಕೊಳ್ಳುವಾಗ ಅದರ ಒತ್ತಡವೆಷ್ಟೆಂದು ಕೇಳಿ, ಹಾಕಿಸಿದ ದಿನವೇ ಅಳೆಯಿಸಿ, ಆ ಅಂಕಿಯನ್ನು ಬಾನೆಟ್ಟಿನ ಒಳಗೆ ಬಣ್ಣದಲ್ಲಿ ಬರೆದಿಡಿ. ಮುಂದೆ ಬಿಚ್ಚುವವರು ಯಾರೇ ಆಗಲಿ, ಎಲ್ಲಿಂದ ಹುಡುಕಲು ತೊಡಗಬೇಕೆಂಬುದು ಅವರಿಗೆ ತಿಳಿಯುತ್ತದೆ.