ಬಲಗಳ ಸಮಾಸವೂ ವಿಗ್ರಹವೂ

ಭೌತಶಾಸ್ತ್ರವನ್ನು ಆರಂಭಿಸುವ ವಿದ್ಯಾರ್ಥಿಗಳಿಗೆ ಫಲಿತಬಲ, ಘಟಕಬಲ ಎಂಬ ಎರಡು ಪಾರಿಭಾಷಿಕ ಶಬ್ದಗಳು ಮೊದಲಲ್ಲಿಯೇ ಎದುರಾಗುವುವು. ಒಂದು ವಸ್ತುವಿನ ಮೇಲೆ ಅನೇಕ ಬಲಗಳು ವರ್ತಿಸುವಾಗ ಅವೆಲ್ಲಕ್ಕೂ ಸಮಾನವಾದ ಒಂದೇ ಬಲವು ಫಲಿತವೆನಿಸುವುದು. ಒಂದು ಬಲವನ್ನು ಪರಸ್ಪರ ಲಂಬವಾದ ಎರಡು ದಿಕ್ಕುಗಳಲ್ಲಿ ಬಿಡಿಸಿದರೆ ದೊರೆಯುವುವು ಘಟಕಗಳು. ಘಟಕವೆಂದರೆ ಭಾಗವೆಂದು ಹೇಳಿ ಬಿಟ್ಟರೆ ಅನರ್ಥಕ್ಕೆ ಎಡೆಯಾಗುವುದು. ಭಾಗಗಳನ್ನು ಕೂಡಿದರೆ ಪೂರ್ಣವು ದೊರೆಯಬೇಕಷ್ಟೆ. ಇಲ್ಲಿಯಾದರೋ 3 ಮತ್ತು 4 ಕೂಡಿ 7 ಆಗದೆ 5 ಆಗುವುದು.

ಇದರ ಮರ್ಮವನ್ನು ಲೀಲಾವತಿಯನ್ನು ಓದಿದವರು ಬಲ್ಲರು. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಆ ಗ್ರಂಥದ ಕ್ಷೇತ್ರವ್ಯವಹಾರದಲ್ಲಿ ಬರುವ ಭುಜ, ಕೋಟಿ, ಕರ್ಣಗಳೇ ಇಲ್ಲಿಯ ಸಾಧನಗಳು. ಮೂಲಬಲವು ಕರ್ಣ; ಘಟಕಗಳು ಭುಜಕೋಟಿಗಳು. ಭಾಸ್ಕರನು ಹೇಳಿದುದು ರೇಖೆಗಳ ಗಣಿತ. ಬಲಗಳಿಗೂ ಇದೇ ನ್ಯಾಯವು ಸಲ್ಲುವುದೆಂಬುದನ್ನು ನ್ಯೂಟನ್ನನು 1687ರ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ ಸಮಾಂತರ ಚತುರ್ಭುಜದ ಮೂಲಕ ನಿರೂಪಿಸಿದನು.

ಉದಾಹರಣೆಗೆ, ಒಂದು ರಥಕ್ಕೆ ಎರಡು ಹಗ್ಗಗಳನ್ನು ಕಟ್ಟಿ, ಮುಂದಣ ದಿಕ್ಕಿನಿಂದ ಎಡಕ್ಕೂ ಬಲಕ್ಕೂ 30 ಅಂಶಗಳಷ್ಟು ಓರೆಯಾಗಿ, ಒಂದೊಂದನ್ನು 1000 ನ್ಯೂಟನ್ ಬಲದಿಂದ ಎಳೆಯುವರೆನ್ನೋಣ. ಪ್ರತಿಯೊಂದು ಹಗ್ಗದ ಮುಂದಣ ಘಟಕವು ಸುಮಾರು 866. ಪಕ್ಕದ ಘಟಕವು 500. ಪಕ್ಕದವು ಪರಸ್ಪರ ವಿರುದ್ಧವಾದುದರಿಂದ ಲೋಪಹೊಂದುವುವು. ಫಲಿತವು 2000 ಅಲ್ಲ, 1732. ಓರೆಯನ್ನು 60 ಅಂಶಗಳಿಗೆ ಹೆಚ್ಚಿಸಿದರೆ ಎರಡು ಹಗ್ಗಗಳಿಂದ ಒಂದೇ ಹಗ್ಗದ ಫಲ, ಎಂದರೆ 1000 ಮಾತ್ರ.

ಇನ್ನು ಇಳಿಜಾರಿನ ಲೆಕ್ಕ. 30 ಅಂಶಗಳ ಇಳಿಜಾರಿನ ಹಲಗೆಯ ಮೇಲೆ 100 ನ್ಯೂಟನ್ ತೂಕದ ಪೆಟ್ಟಿಗೆಯಿದೆ. ಅದನ್ನು ಹಲಗೆಗೆ ಸಮಾಂತರವಾಗಿ 70 ನ್ಯೂಟನ್ ಬಲದಿಂದ ಮೇಲಕ್ಕೆ ಎಳೆಯುತ್ತಿರುವರು. ಘರ್ಷಣೆಯನ್ನು ಗಣಿಸಬೇಕಾಗಿಲ್ಲ. ತೂಕವನ್ನು ಬಿಡಿಸಿದರೆ ಇಳಿಜಾರಿನ ಉದ್ದಕ್ಕೆ 50, ಹಲಗೆಗೆ ಲಂಬವಾಗಿ ಸುಮಾರು 86.6. ಎರಡನೆಯದನ್ನು ಹಲಗೆಯ ಪ್ರತಿಕ್ರಿಯೆಯು ಸರಿದೂಗುವುದು. ಉಳಿದ ಫಲಿತವು ಮೇಲ್ಮುಖವಾಗಿ 20.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. 50ನ್ನೂ 86.6ನ್ನೂ ಬರೆದ ಬಳಿಕ ಮೂಲದ 100ನ್ನೂ ಪುನಃ ಗಣಿಸುವರು. ಇದು ಗಣಿತದ ಅಜ್ಞಾನವಲ್ಲ, ಶಬ್ದಾರ್ಥದ ಭ್ರಾಂತಿ. ಸಮಸ್ತಪದವೂ ಅದರ ವಿಗ್ರಹವಾಕ್ಯವೂ ಒಂದೇ ಅರ್ಥವನ್ನು ಬೋಧಿಸುವುದರಿಂದ ಎರಡನ್ನೂ ಒಂದೆಡೆಯಲ್ಲಿ ಪ್ರಯೋಗಿಸುವುದು ಪುನರುಕ್ತಿ. ಅದರಂತೆಯೇ ಘಟಕಗಳನ್ನು ಸ್ವೀಕರಿಸಿದ ಮೇಲೆ ಮೂಲಬಲವನ್ನು ತ್ಯಜಿಸತಕ್ಕದ್ದು. ಭೇದವಿಷ್ಟೆ: ಸಮಾಸದ ವಿಗ್ರಹವು ಅರ್ಥಕ್ಕೆ ಅಧೀನ, ಬಲದ ವಿಗ್ರಹವಾದರೋ ನಾವು ಆರಿಸಿದ ದಿಕ್ಕುಗಳಿಗೆ ಅಧೀನ. ರಥಕ್ಕೆ ಮುಂದಣ ದಿಕ್ಕನ್ನೂ ಪೆಟ್ಟಿಗೆಗೆ ಹಲಗೆಯ ಓರೆಯನ್ನೂ ಆರಿಸಿದುದು ಚಲನೆಯು ಅಲ್ಲಿ ಸಂಭವಿಸುವುದರಿಂದಲೇ.

ಪರಿಭಾಷೆಯನ್ನು ಕನ್ನಡಿಸಿದಮಾತ್ರಕ್ಕೆ ಶಾಸ್ತ್ರವು ಕನ್ನಡಕ್ಕೆ ಬಂದಂತಾಗದು. ಶಬ್ದದ ವ್ಯಾಪ್ತಿಯನ್ನು ವಿವರಿಸುವ ಹೊಣೆಯು ಭಾಷೋಪಾಧ್ಯಾಯರಿಗೂ ಉಂಟು. ತೂಕವನ್ನು ಬಿಡಿಸಿದೊಡನೆ ಚಿತ್ರದಲ್ಲಿ ಅದರ ಬಾಣವನ್ನು ಅಡ್ಡಗೆರೆಯಿಂದ ಹೊಡೆದುಹಾಕುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ ಅರ್ಧ ತೊಡಕು ನಿವಾರಣೆಯಾಗುವುದು.